ಕಾರ್ಡ್ ಬಂದ್ ಮಾಡಿಸುವ ಮೊದಲು ಕೊಟ್ಟ ಒಪ್ಪಿಗೆ ಹಿಂದಕ್ಕೆ ಪಡೆಯಿರಿ

ಕಾಕತಿ, ಹೊನಗಾದ ದುಡಿಯುವ ತರುಣ ತರುಣಿಯರಿಗೆ ಒಂದು ಬಹಿರಂಗ ಪತ್ರ

ಪ್ರೀತಿಯ ತಮ್ಮಂದಿರೇ, ತಂಗಿಯರೇ,

ಕಾಕತಿ, ಹೊನಗಾದ ಕಾರ್ಖಾನೆಗಳಲ್ಲಿ ಪಾಳಿಯ ಮೇಲೆ ದುಡಿಯುವವರು, ಉದ್ಯಮಬಾಗದ ಫೌಂಡ್ರಿಗಳಿಗೆ ಬಸ್ಸು ಹಿಡಿದು ಹೋಗುವವರು, ಭೂತರಾಮನಹಟ್ಟಿಯ ವಿಶ್ವವಿದ್ಯಾಲಯದಲ್ಲಿ ಓದು ಮುಗಿಸಿ ಈಗಷ್ಟೇ ಮೊದಲ ಸಂಬಳ ಕಂಡವರು, ನಿಮ್ಮೆಲ್ಲರಿಗೂ ಈ ಪತ್ರ. ಬ್ಯಾಂಕಿನ ಕೌಂಟರಿನಲ್ಲಿ ದುಡಿದು ನಿವೃತ್ತನಾದವನು ಎಂಬ ಕಾರಣಕ್ಕೆ ಊರಲ್ಲಿ ಹಣಕಾಸಿನ ವಿಚಾರ ಏನಿದ್ದರೂ ನೀವು ನನ್ನ ಹತ್ತಿರ ಬರುತ್ತೀರಿ. ಈಚೆಗೆ ಮತ್ತೆ ಮತ್ತೆ ಕೇಳಿಬರುತ್ತಿರುವುದು ಒಂದೇ ಪ್ರಶ್ನೆ: “ಕಾಕಾ, ಕ್ರೆಡಿಟ್ ಕಾರ್ಡ್ ಬಂದ್ ಮಾಡಿಸಿಬಿಟ್ಟರ ತಿಂಗಳಾ ತಿಂಗಳಾ ಕಟ್ ಆಗೂ ರೊಕ್ಕಾನೂ ತಾನ ನಿಲ್ತೈತಲ್ಲ?”

ಅಷ್ಟು ಸರಳವಿಲ್ಲ. ಒಬ್ಬೊಬ್ಬರಿಗೆ ಬಾಗಿಲಲ್ಲಿ ನಿಂತು ಹೇಳಿದರೆ ಅರ್ಧ ಮಾತು ಉಳಿದುಹೋಗುತ್ತದೆ. ಅದಕ್ಕೇ ಎಲ್ಲವನ್ನೂ ಒಂದೇ ಕಡೆ ಬರೆಯುತ್ತಿದ್ದೇನೆ.

ಕಾರ್ಡ್ ಎಂಬುದು ನಿಮಗೂ ಬ್ಯಾಂಕಿಗೂ ನಡುವಿನ ಕರಾರು. ಸಿನಿಮಾ ಆ್ಯಪ್, ವಿಮೆ, ಇಂಟರ್ನೆಟ್, ಮಕ್ಕಳ ಟ್ಯೂಷನ್ ಆ್ಯಪ್ ಇವೆಲ್ಲ ನಿಮಗೂ ಆಯಾ ಕಂಪನಿಗೂ ನಡುವಿನ ಬೇರೆ ಕರಾರುಗಳು. ಎರಡನ್ನೂ ಜೋಡಿಸಿರುವುದು ನೀವು ಯಾವತ್ತೋ ಒಂದು ದಿನ ಓಟಿಪಿ ಹಾಕಿ ಕೊಟ್ಟ ಒಪ್ಪಿಗೆ. ಆಟೊಪೇ, ಇ-ಮ್ಯಾಂಡೇಟ್, ಸ್ಟ್ಯಾಂಡಿಂಗ್ ಇನ್‌ಸ್ಟ್ರಕ್ಷನ್ ಎಂದೆಲ್ಲ ಅದನ್ನು ಕರೆಯುತ್ತಾರೆ. ಕಾರ್ಡ್ ಮುಚ್ಚಿದರೆ ಮೊದಲನೆಯ ಕರಾರು ಮಾತ್ರ ಮುಗಿಯುತ್ತದೆ. ಕಂಪನಿಯ ಕಡೆಯ ಕರಾರು ನೀವು ಹೇಳುವವರೆಗೂ ಜೀವಂತ ಇರುತ್ತದೆ. ಹಣ ಬಾರದಿದ್ದಾಗ ಒಂದು ಕಂಪನಿ ಸೇವೆ ನಿಲ್ಲಿಸಿ ಸುಮ್ಮನಾಗಬಹುದು, ಇನ್ನೊಂದು ಬಾಕಿ ಬರೆದುಕೊಂಡು ಕೂರಬಹುದು. ವಿಮೆಯಾದರೆ ಪಾಲಿಸಿಯೇ ಬಿದ್ದುಹೋಗಬಹುದು.

ನಮ್ಮ ನಾಡಿಗೆ ಕಂತಿನ ವಸೂಲಿ ಹೊಸದೇನಲ್ಲ. 1925ರಲ್ಲಿ ಉಡುಪಿಯಲ್ಲಿ ಕಷ್ಟಕ್ಕೆ ಬಿದ್ದ ಕೈಮಗ್ಗದ ನೇಕಾರರಿಗೆ ಆಸರೆಯಾಗಲೆಂದು ಹುಟ್ಟಿದ ಬ್ಯಾಂಕು, ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾದದ್ದು, 1928ರಲ್ಲಿ ಪಿಗ್ಮಿ ಯೋಜನೆ ತಂದಿತು. ದಿನಕ್ಕೆ ಎರಡಾಣೆಯಾದರೂ ಸರಿ, ಏಜೆಂಟ್ ಮನೆಬಾಗಿಲಿಗೆ ಬಂದು ಪಡೆದು ಬರೆದುಕೊಂಡು ಹೋಗುತ್ತಿದ್ದ. ಆ ಬ್ಯಾಂಕು 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿ ಸೇರಿಹೋಯಿತು. ಆದರೆ ಪಿಗ್ಮಿ ನಮ್ಮ ಸೊಸೈಟಿಗಳಲ್ಲಿ ಇವತ್ತಿಗೂ ನಡೆದಿದೆ. ಪಿಗ್ಮಿಯವನು ಬಂದಾಗ ಕೈಯಲ್ಲಿ ಹಣ ಇಲ್ಲದಿದ್ದರೆ “ಇವತ್ತ ಬ್ಯಾಡಪಾ, ನಾಳೆ ಬಾ” ಅನ್ನಬಹುದು. ಒಪ್ಪಿಗೆಯನ್ನು ದಿನದಿನವೂ ಹೊಸದಾಗಿ ಕೇಳುತ್ತಾರೆ. ಕಾರ್ಡಿನ ಆಟೊಪೇಯಲ್ಲಿ ಕೇಳುವುದು ಒಂದೇ ಸಲ. ಆಮೇಲೆ ಬಾಗಿಲು ಬಡಿಯುವವರಿಲ್ಲ, ಬರುವುದು ಬರೀ ಒಂದು ಮೆಸೇಜು.

ಆ ಮೆಸೇಜಿನ ಬೆಲೆ ಮೊದಲು ತಿಳಿದುಕೊಳ್ಳಿ. ರಿಸರ್ವ್ ಬ್ಯಾಂಕು 2019ರ ಆಗಸ್ಟ್ 21ರಂದು ಕಾರ್ಡ್ ಆಟೊಪೇಗೆ ನಿಯಮ ಹೊರಡಿಸಿತು. ಮೊದಲು ಮಿತಿ ₹2,000 ಇತ್ತು, 2021ರ ಜನವರಿಯಿಂದ ₹5,000 ಆಯಿತು, 2022ರ ಜೂನ್‌ನಲ್ಲಿ ₹15,000ಕ್ಕೆ ಏರಿತು. ವಿಮೆಯ ಕಂತು, ಮ್ಯೂಚುವಲ್ ಫಂಡ್, ಕ್ರೆಡಿಟ್ ಕಾರ್ಡ್ ಬಿಲ್ಲು ಈ ಮೂರಕ್ಕೆ 2023ರ ಡಿಸೆಂಬರ್‌ನಲ್ಲಿ ಮಿತಿಯನ್ನು ₹1 ಲಕ್ಷಕ್ಕೆ ಏರಿಸಿದರು. ಈ ಮಿತಿಯೊಳಗಿನ ಕಂತಿಗೆ ಪ್ರತಿ ಸಲ ಓಟಿಪಿ ಬೇಕಾಗಿಲ್ಲ. ಅದಕ್ಕೆ ಬದಲಾಗಿ, ಹಣ ಕಡಿತವಾಗುವ ಕನಿಷ್ಠ 24 ಗಂಟೆ ಮೊದಲು ಬ್ಯಾಂಕು ನಿಮಗೆ ತಿಳಿಸಲೇಬೇಕು: ಯಾರಿಗೆ, ಎಷ್ಟು, ಯಾವತ್ತು, ಏತಕ್ಕೆ. ಆ ಒಂದು ಕಂತನ್ನು ಬೇಡ ಅನ್ನಲೂ, ಇಡೀ ಒಪ್ಪಿಗೆಯನ್ನೇ ರದ್ದು ಮಾಡಲೂ ಅಲ್ಲೇ ದಾರಿ ಇರಬೇಕು. ಕೊಟ್ಟ ಒಪ್ಪಿಗೆಯನ್ನು ಯಾವಾಗ ಬೇಕಾದರೂ ಆನ್‌ಲೈನ್‌ನಲ್ಲಿ ಹಿಂದಕ್ಕೆ ಪಡೆಯುವ ಸೌಲಭ್ಯವನ್ನು ಬ್ಯಾಂಕು ಕೊಡಲೇಬೇಕು. ಈ ಸೌಲಭ್ಯಕ್ಕೆ ನಿಮ್ಮಿಂದ ಶುಲ್ಕ ಪಡೆಯುವಂತಿಲ್ಲ.

2021ರ ಅಕ್ಟೋಬರ್ 1ರ ನಂತರ ಈ ನಿಯಮಕ್ಕೆ ಹೊಂದದ ಹಳೆಯ ಆಟೊಪೇಗಳೆಲ್ಲ ನಿಂತುಹೋದವು. ಆ ತಿಂಗಳು ದೇಶದ ತುಂಬ ಬಿಲ್ಲುಗಳು ಕಟ್ಟಿಲ್ಲವೆಂದು ವಾಪಸು ಬಂದದ್ದು ನಿಮ್ಮಲ್ಲಿ ಕೆಲವರಿಗೆ ನೆನಪಿರಬಹುದು. ಜನ ಅದನ್ನು ತೊಂದರೆ ಎಂದರು. ನನಗೆ ಮಾತ್ರ ಅದು ಕಡಿತದ ಕೀಲಿಕೈ ಗ್ರಾಹಕನ ಕೈಗೆ ಮರಳಿ ಬಂದ ದಿನ. ಆ ಕೀಲಿಕೈ ನಿಮ್ಮ ಫೋನಿನಲ್ಲೇ ಇದೆ, ಬಳಸುವವರು ಕಡಿಮೆ. ಮೆಸೇಜು ಇಂಗ್ಲಿಷಿನಲ್ಲಿ ಬರುತ್ತದೆ, ಪಾಳಿ ಮುಗಿಸಿ ದಣಿದು ಬಂದವರು ಓದದೆ ಸರಿಸಿಬಿಡುತ್ತೀರಿ. ಇನ್ನು ಕೆಲವರು ಕೆಲಸಕ್ಕೆಂದು ಗೋವಾ, ಕೊಲ್ಹಾಪುರ, ಪುಣೆಗೆ ಹೋಗಿ ಸಿಮ್ ಬದಲಿಸುತ್ತೀರಿ, ಬ್ಯಾಂಕಿನಲ್ಲಿ ಹಳೆಯ ನಂಬರೇ ಉಳಿದಿರುತ್ತದೆ. ಎಚ್ಚರಿಕೆಯ ಮೆಸೇಜು ಯಾರೂ ಎತ್ತದ ನಂಬರಿಗೆ ಹೋಗಿ ಬೀಳುತ್ತದೆ. ಕಾರ್ಡ್ ಬಂದ್ ಮಾಡಿಸಬೇಕು ಎಂದು ಮನಸ್ಸು ಮಾಡಿದ ಕೂಡಲೇ ಬ್ಯಾಂಕಿನಲ್ಲಿರುವ ನಿಮ್ಮ ಮೊಬೈಲ್ ನಂಬರು, ಇಮೇಲ್ ಸರಿ ಇದೆಯೇ ನೋಡಿಕೊಳ್ಳಿ. ಉಳಿದ ಕೆಲಸ ಆಮೇಲೆ.

ಎರಡನೆಯದಾಗಿ, ಪಟ್ಟಿ ಮಾಡಿ. ಕಳೆದ ತಿಂಗಳ ಸ್ಟೇಟ್‌ಮೆಂಟ್ ಒಂದೇ ನೋಡಿದರೆ ಸಾಲದು. ವಿಮೆ, ಕಂಪ್ಯೂಟರಿನ ಆ್ಯಂಟಿವೈರಸ್, ವರ್ಷದ ಲೆಕ್ಕದಲ್ಲಿ ತೆಗೆದುಕೊಂಡ ಸಿನಿಮಾ ಆ್ಯಪ್ ಇಂಥವು ವರ್ಷಕ್ಕೊಮ್ಮೆ ಮಾತ್ರ ತಲೆ ಎತ್ತುತ್ತವೆ. ಹಾಗಾಗಿ ಪೂರ್ತಿ ಹನ್ನೆರಡು ತಿಂಗಳು, ಮೇಲೊಂದು ತಿಂಗಳ ಸ್ಟೇಟ್‌ಮೆಂಟು ತೆಗೆದು ಸಾಲುಸಾಲಾಗಿ ಓದಿ. ಬ್ಯಾಂಕಿನ ಆ್ಯಪ್‌ನಲ್ಲಿ ಇ-ಮ್ಯಾಂಡೇಟ್ ಅಥವಾ ಸ್ಟ್ಯಾಂಡಿಂಗ್ ಇನ್‌ಸ್ಟ್ರಕ್ಷನ್ ಎಂಬ ಪುಟ ಹುಡುಕಿ, ಚಾಲ್ತಿಯಲ್ಲಿರುವ ಒಪ್ಪಿಗೆಗಳು ಅಲ್ಲಿ ಕಾಣುತ್ತವೆ. ಆ ಪುಟವೊಂದನ್ನೇ ನಂಬಿ ಕೂರಬೇಡಿ. ಹೆಸ್ಕಾಂ ಕರೆಂಟ್ ಬಿಲ್ಲನ್ನು ಬ್ಯಾಂಕಿನ ಬಿಲ್‌ಪೇಯಲ್ಲಿ ಕಾರ್ಡಿಗೆ ಜೋಡಿಸಿದ್ದರೆ ಅದು ಇನ್ನೊಂದು ಕಡೆ ಇರುತ್ತದೆ. ಫೋನಿನ ಪ್ಲೇ ಸ್ಟೋರ್ ಅಥವಾ ಆ್ಯಪ್ ಸ್ಟೋರ್ ಮೂಲಕ ಕೊಂಡ ಚಂದಾಗಳು ಸ್ಟೇಟ್‌ಮೆಂಟಿನಲ್ಲಿ ಆ ಸ್ಟೋರಿನ ಹೆಸರಲ್ಲಿ ಬರುತ್ತವೆ, ಯಾವ ಆ್ಯಪ್ ಎಂದು ತಿಳಿಯಲು ಸ್ಟೋರಿನೊಳಗೇ ಹೋಗಿ ನೋಡಬೇಕು. ಫೋನಿನಿಂದ ಆ್ಯಪ್ ತೆಗೆದುಹಾಕಿದರೆ ಚಂದಾ ನಿಲ್ಲುವುದಿಲ್ಲ ಎಂಬುದು ಬಹಳ ಜನರಿಗೆ ತಿಳಿಯದ ಸಂಗತಿ. ರುಪೇ ಕ್ರೆಡಿಟ್ ಕಾರ್ಡನ್ನು ಯುಪಿಐಗೆ ಜೋಡಿಸಿದವರು ಯುಪಿಐ ಆ್ಯಪ್‌ನ ಆಟೊಪೇ ಪುಟವನ್ನೂ ನೋಡಬೇಕು. ಹೆಂಡತಿಗೋ ತಮ್ಮನಿಗೋ ಆ್ಯಡ್-ಆನ್ ಕಾರ್ಡ್ ಕೊಡಿಸಿದ್ದರೆ ಅದರ ಮೇಲಿನ ಕಂತುಗಳನ್ನೂ ಪಟ್ಟಿಗೆ ಸೇರಿಸಿ, ಯಾಕೆಂದರೆ ಮುಖ್ಯ ಕಾರ್ಡಿನ ಜೊತೆಗೆ ಅದೂ ಮುಚ್ಚುತ್ತದೆ.

ಈ ಪಟ್ಟಿಗೆ ಸೇರದವು ಯಾವುವು ಎಂಬುದೂ ಗೊತ್ತಿರಲಿ. ಬೈಕಿನ ಸಾಲ, ಮನೆಯ ಸಾಲದ ಇಎಂಐ ಸಾಮಾನ್ಯವಾಗಿ ಕಾರ್ಡಿನಿಂದಲ್ಲ, ನಿಮ್ಮ ಉಳಿತಾಯ ಖಾತೆಯಿಂದ ನ್ಯಾಚ್ ಎಂಬ ಬೇರೆ ವ್ಯವಸ್ಥೆಯ ಮೂಲಕ ಹೋಗುತ್ತದೆ. ಕಾರ್ಡ್ ಬಂದ್ ಆದರೆ ಅದಕ್ಕೇನೂ ಆಗುವುದಿಲ್ಲ. ಆದರೆ ಮೊಬೈಲನ್ನೋ ಫ್ರಿಜ್ಜನ್ನೋ ಕಾರ್ಡಿನ ಮೇಲೆಯೇ ಇಎಂಐಗೆ ಕೊಂಡಿದ್ದರೆ ಅದು ಚಂದಾ ಅಲ್ಲ, ಸಾಲ. ಮುಚ್ಚುವಾಗ ಉಳಿದ ಅಸಲನ್ನು ಒಟ್ಟಿಗೆ ಕಟ್ಟಬೇಕಾಗುತ್ತದೆ. ಅದರ ಮೇಲೆ ಮುಂಗಡ ಮುಕ್ತಾಯದ ಶುಲ್ಕ, ಶುಲ್ಕಕ್ಕೆ ಶೇ 18ರ ಜಿಎಸ್‌ಟಿ ಬೀಳಬಹುದು. ಇನ್ನೆರಡು ಕಂತು ಮಾತ್ರ ಉಳಿದಿದ್ದರೆ ಅವನ್ನು ಮುಗಿಸಿಯೇ ಕಾರ್ಡ್ ಮುಚ್ಚುವುದು ಲಾಭ.

ಪಟ್ಟಿ ಆದ ಮೇಲೆ ಬೇಕಾದದ್ದು, ಬೇಡವಾದದ್ದು ಎಂದು ಬೇರೆ ಮಾಡಿ. ಬೇಕಾದದ್ದರಲ್ಲಿ ಎಲ್ಲಕ್ಕಿಂತ ಮೇಲೆ ಇರಬೇಕಾದದ್ದು ವಿಮೆ. ಕಂತು ತಪ್ಪಿದರೆ ತಿಂಗಳ ಕಂತಿನವರಿಗೆ 15 ದಿನ, ವರ್ಷದ ಕಂತಿನವರಿಗೆ 30 ದಿನ ಕಾಲಾವಕಾಶ ಸಿಗುತ್ತದೆ. ಅದೂ ಮೀರಿದರೆ ಪಾಲಿಸಿ ನಿಂತುಹೋಗುತ್ತದೆ. ಆರೋಗ್ಯ ವಿಮೆಯಲ್ಲಂತೂ ಹಿಂದಿನಿಂದ ಇದ್ದ ಕಾಯಿಲೆಗೆ ಕಾಯುವ ಅವಧಿ ಎಂದು ವರ್ಷಗಳನ್ನು ಕಳೆದಿರುತ್ತೀರಿ. ಪಾಲಿಸಿ ಬಿದ್ದರೆ ಆ ಕಾಯುವಿಕೆ ಮತ್ತೆ ಮೊದಲಿನಿಂದ ಶುರುವಾಗಬಹುದು. ಅಪ್ಪ ಅವ್ವನ ಹೆಸರಿನ ಪಾಲಿಸಿ ನಿಮ್ಮ ಕಾರ್ಡಿನಿಂದ ಹೋಗುತ್ತಿದ್ದರೆ, ದಯವಿಟ್ಟು ಮೊದಲು ಅದನ್ನು ಬೇರೆ ಕಡೆಗೆ ಬದಲಿಸಿ.

ಹೆದ್ದಾರಿಯ ಬದಿಯಲ್ಲಿರುವ ನಮ್ಮೂರಿನ ಚಾಲಕರಿಗೆ, ಟೆಂಪೊ ಇಟ್ಟುಕೊಂಡವರಿಗೆ ಇನ್ನೊಂದು ಮಾತು. ಫಾಸ್ಟ್ಯಾಗ್‌ಗೆ ಆಟೊ ರೀಚಾರ್ಜ್ ಇಟ್ಟಿದ್ದರೆ 24 ಗಂಟೆ ಮೊದಲಿನ ಮೆಸೇಜು ಬರಬೇಕೆಂಬ ನಿಯಮ ಅದಕ್ಕೆ ಅನ್ವಯಿಸುವುದಿಲ್ಲ. 2024ರ ಆಗಸ್ಟ್‌ನಲ್ಲಿ ಅದಕ್ಕೆ ವಿನಾಯಿತಿ ಕೊಟ್ಟಿದ್ದಾರೆ. ಕಾರ್ಡ್ ಮುಚ್ಚಿದ್ದು ಮರೆತು ನೀವು ಸಂಕೇಶ್ವರದ ಕಡೆ ಹೋಗುವಾಗ ಹತ್ತರಗಿಯಲ್ಲೋ, ಧಾರವಾಡದ ಕಡೆ ಹೊರಟಾಗ ಹಿರೇಬಾಗೇವಾಡಿಯಲ್ಲೋ, ಖಾನಾಪುರದ ದಾರಿಯ ಗಣೇಬೈಲಿನಲ್ಲೋ ಟೋಲ್ ಗೇಟಿಗೆ ಬಂದು ನಿಂತಾಗಲೇ ಬ್ಯಾಲೆನ್ಸ್ ಖಾಲಿ ಎಂದು ತಿಳಿಯುತ್ತದೆ. 2025ರ ನವೆಂಬರ್ 15ರಿಂದ ಜಾರಿಗೆ ಬಂದ ನಿಯಮದಂತೆ, ಫಾಸ್ಟ್ಯಾಗ್ ಕೆಲಸ ಮಾಡದಿದ್ದರೆ ಯುಪಿಐಯಲ್ಲಿ ಕೊಟ್ಟರೂ ಒಂದೂಕಾಲು ಪಟ್ಟು ಕಟ್ಟಬೇಕು. ದಿನಕ್ಕೆರಡು ಸಲ ಓಡಾಡುವ ಗಾಡಿಗೆ ಅದು ಸಣ್ಣ ಮೊತ್ತವಲ್ಲ.

ಬೇಕಾದ ಕಂತನ್ನು ಹೊಸ ಕಾರ್ಡಿಗೆ ಅಥವಾ ಯುಪಿಐ ಆಟೊಪೇಗೆ ಬದಲಿಸಿದ ಕೂಡಲೇ ಹಳೆಯದನ್ನು ಕಿತ್ತುಹಾಕಬೇಡಿ. ಹೊಸ ದಾರಿಯಲ್ಲಿ ಒಂದು ಕಂತು ಸರಿಯಾಗಿ ಹೋಗಿ, ರಸೀದಿ ಬಂದದ್ದನ್ನು ನೋಡಿ. ಆಮೇಲೆ ಹಳೆಯ ಒಪ್ಪಿಗೆಯನ್ನು ರದ್ದು ಮಾಡಿ. 2022ರ ಅಕ್ಟೋಬರ್‌ನಿಂದ ಕಂಪನಿಗಳು ನಿಮ್ಮ ಕಾರ್ಡ್ ನಂಬರನ್ನೇ ಇಟ್ಟುಕೊಳ್ಳುವಂತಿಲ್ಲ, ಅದರ ಜಾಗದಲ್ಲಿ ಆ ಒಂದು ಕಾರ್ಡಿಗೆ ಮಾತ್ರ ಸೇರಿದ ಟೋಕನ್ ಎಂಬ ಸಂಕೇತ ಇರುತ್ತದೆ. ಅದೇ ಬ್ಯಾಂಕಿನ ಇನ್ನೊಂದು ಕಾರ್ಡ್ ನಿಮ್ಮಲ್ಲಿದ್ದರೂ ಒಪ್ಪಿಗೆ ತಾನಾಗಿ ಅದಕ್ಕೆ ಹೋಗಿ ಸೇರುತ್ತದೆ ಎಂದುಕೊಳ್ಳಬೇಡಿ. ನೀವೇ ಹೊಸದಾಗಿ ಓಟಿಪಿ ಹಾಕಿ ಕೊಡಬೇಕು.

ಬೇಡವಾದದ್ದನ್ನು ಎರಡು ಕಡೆ ನಿಲ್ಲಿಸಬೇಕು. ಮೊದಲು ಕಂಪನಿಯ ಆ್ಯಪ್‌ನಲ್ಲಿ ಚಂದಾ ರದ್ದು ಮಾಡಿ, ರದ್ದಾದ ಇಮೇಲನ್ನು ತೆಗೆದಿಡಿ. ಆಮೇಲೆ ಬ್ಯಾಂಕಿನ ಕಡೆ ಒಪ್ಪಿಗೆ ಹಿಂದಕ್ಕೆ ಪಡೆಯಿರಿ. ಬ್ಯಾಂಕಿನ ಕಡೆ ಮಾತ್ರ ಮಾಡಿದರೆ ಕರಾರು ಉಳಿದು ಕಂಪನಿ ಬಾಕಿ ಕೇಳಬಹುದು. ಕಂಪನಿಯ ಕಡೆ ಮಾತ್ರ ಮಾಡಿದರೆ ಕಡಿತದ ದಾರಿ ತೆರೆದೇ ಇರುತ್ತದೆ. ಕಂತಿನ ದಿನ ಹತ್ತಿರ ಬರುವವರೆಗೆ ಕಾಯುವುದೂ ಬೇಡ. ಮುಂಚಿನ ಮೆಸೇಜು ಒಮ್ಮೆ ಹೊರಟ ಮೇಲೆ ನೀವು ಇಡೀ ಒಪ್ಪಿಗೆ ರದ್ದು ಮಾಡಿದರೂ ಆ ಒಂದು ಕಂತು ಹೋಗಿಬಿಡಬಹುದು, ನಿಯಮದಲ್ಲೇ ಅದಕ್ಕೆ ಅವಕಾಶ ಇದೆ. ಚಂದಾ ರದ್ದು ಮಾಡುವ ಬಟನ್ನನ್ನು ಬೇಕಂತಲೇ ಮುಚ್ಚಿಟ್ಟು, ಪುಟದಿಂದ ಪುಟಕ್ಕೆ ಅಲೆಸುವ ಆ್ಯಪ್‌ಗಳಿವೆ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರ ನವೆಂಬರ್ 30ರಂದು ನಿಷೇಧಿಸಿದ 13 ಬಗೆಯ ಮೋಸದ ವಿನ್ಯಾಸಗಳಲ್ಲಿ ಈ ಚಂದಾ ಬಲೆಯೂ ಒಂದು. ಅದಕ್ಕೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ಕೊಡಬಹುದು.

ಇಷ್ಟೆಲ್ಲ ಯಾಕೆ ಮೊದಲೇ ಮಾಡಬೇಕು ಎಂಬುದಕ್ಕೆ ಬಲವಾದ ಕಾರಣವೊಂದಿದೆ. 2022ರ ಏಪ್ರಿಲ್ 21ರ ರಿಸರ್ವ್ ಬ್ಯಾಂಕಿನ ನಿರ್ದೇಶನದ ಪ್ರಕಾರ ನೀವು ಕಾರ್ಡ್ ಮುಚ್ಚಲು ಕೇಳಿದ ಮೇಲೆ ಬ್ಯಾಂಕು ಏಳು ಕೆಲಸದ ದಿನಗಳಲ್ಲಿ ಮುಚ್ಚಲೇಬೇಕು. ತಡ ಮಾಡಿದರೆ ದಿನಕ್ಕೆ ₹500ರಂತೆ ನಿಮಗೆ ಕೊಡಬೇಕು. ಅರ್ಜಿಯನ್ನು ಅಂಚೆಯಲ್ಲೇ ಕಳಿಸಿ ಎಂದು ಒತ್ತಾಯಿಸುವಂತಿಲ್ಲ. ಸಹಾಯವಾಣಿ, ಇಮೇಲ್, ವೆಬ್‌ಸೈಟ್, ಆ್ಯಪ್ ಹೀಗೆ ಹಲವು ದಾರಿ ಇಡಬೇಕು. ಮುಚ್ಚಿದ ಕೂಡಲೇ ಮೆಸೇಜು ಅಥವಾ ಇಮೇಲಿನಲ್ಲಿ ತಿಳಿಸಬೇಕು. ಆದರೆ ಈ ಎಲ್ಲ ಹಕ್ಕಿಗೂ ಒಂದು ಷರತ್ತು: ಕಾರ್ಡಿನಲ್ಲಿ ಬಾಕಿ ಇರಕೂಡದು. ನೀವು ಸೋಮವಾರ ಪೂರ್ತಿ ಹಣ ಕಟ್ಟಿ ಅರ್ಜಿ ಹಾಕಿದಿರಿ ಎನ್ನಿ. ಬುಧವಾರ ಮರೆತುಹೋದ ₹99ರ ಚಂದಾ ಒಂದು ಬಂದು ಬಿತ್ತು. ಅಲ್ಲಿಗೆ ಬಾಕಿ ಹುಟ್ಟಿತು, ದಿನಕ್ಕೆ ₹500ರ ಹಕ್ಕು ಅಲುಗಾಡಿತು, ಕಾರ್ಡ್ ತೆರೆದೇ ಉಳಿಯಿತು. ಕಾರ್ಡ್ ಬಂದ್ ಆಗಿದೆ ಎಂದು ನಂಬಿದ ನೀವು ಬಿಲ್ಲನ್ನು ನೋಡಲೇ ಇಲ್ಲ. ಕೊನೆಯ ದಿನಾಂಕ ಕಳೆದು ಮೂರು ದಿನ ಮೀರಿದರೆ ತಡದ ಶುಲ್ಕ, ಬಡ್ಡಿ, ಜಿಎಸ್‌ಟಿ ಬೆಳೆಯುತ್ತವೆ, ಸಾಲದ ದಾಖಲೆ ಇಡುವ ಸಿಬಿಲ್‌ನಂಥ ಸಂಸ್ಥೆಗಳಿಗೆ ವರದಿ ಹೋಗುತ್ತದೆ. ನಾಳೆ ಮನೆಯ ಸಾಲ ಕೇಳಲು ಹೋದಾಗ ಅಡ್ಡ ಬರುವುದು ಈ ₹99. ನಮ್ಮ ಊರಿನ ದುಡಿಯುವ ಹುಡುಗರು ಹೀಗೆ ಸಾಲದ ಅರ್ಹತೆ ಕಳೆದುಕೊಳ್ಳಬಾರದು ಎಂಬುದೇ ನನ್ನ ಕಳಕಳಿ.

ಆದ್ದರಿಂದ ಕೊನೆಯ ಒಂದು ಬಿಲ್ಲಿನ ಅವಧಿ ಪೂರ್ತಿ ಕಾರ್ಡನ್ನು ಮುಟ್ಟದೆ ಇಡಿ. ಬಿಲ್ಲಿಗೆ ಇನ್ನೂ ಸೇರದ ಖರ್ಚು, ವಾರ್ಷಿಕ ಶುಲ್ಕ ಏನಾದರೂ ಇದೆಯೇ ಕೇಳಿ ತಿಳಿದುಕೊಳ್ಳಿ. ಆನ್‌ಲೈನ್‌ನಲ್ಲಿ ವಾಪಸು ಕೊಟ್ಟ ಸಾಮಾನಿನ ಹಣ ಬರುವುದಿದ್ದರೆ ಅದು ಬರುವವರೆಗೆ ಕಾಯಿರಿ. ಮುಚ್ಚುವಾಗ ಕಾರ್ಡಿನಲ್ಲಿ ನಿಮ್ಮದೇ ಹಣ ಹೆಚ್ಚಿಗೆ ಉಳಿದಿದ್ದರೆ ಬ್ಯಾಂಕು ಅದನ್ನು ನಿಮ್ಮ ಖಾತೆಗೆ ಹಾಕಬೇಕು. ಕೂಡಿಟ್ಟ ರಿವಾರ್ಡ್ ಪಾಯಿಂಟುಗಳನ್ನು ಮೊದಲೇ ಬಳಸಿಬಿಡಿ. ಆಮೇಲೆ ಅರ್ಜಿ ಹಾಕಿ, ಅದರ ನಂಬರು, ದಿನಾಂಕ ಬರೆದಿಡಿ. ಮುಚ್ಚಿದ ಮೇಲೆ ಬಾಕಿ ಇಲ್ಲ ಎಂಬ ಪತ್ರ ಕೇಳಿ ಪಡೆಯಿರಿ. ಒಂದೆರಡು ತಿಂಗಳು ಬಿಟ್ಟು ಕ್ರೆಡಿಟ್ ವರದಿ ತೆಗೆಸಿ ನೋಡಿ. ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಕ್ರಿಫ್ ಹೈಮಾರ್ಕ್ ಈ ನಾಲ್ಕೂ ವರ್ಷಕ್ಕೊಂದು ಪೂರ್ಣ ವರದಿಯನ್ನು ಉಚಿತವಾಗಿ ಕೊಡಬೇಕು. ಮುಚ್ಚಿದ ಕಾರ್ಡ್ ಅಲ್ಲಿ ಇನ್ನೂ ತೆರೆದೇ ಇದೆ ಎಂದಿದ್ದರೆ ದೂರು ಕೊಡಿ. 30 ದಿನದಲ್ಲಿ ಸರಿಪಡಿಸದಿದ್ದರೆ ದಿನಕ್ಕೆ ₹100 ಪರಿಹಾರ ಪಡೆಯುವ ಹಕ್ಕು ನಿಮಗಿದೆ.

ಇಷ್ಟಾದರೂ ರದ್ದು ಮಾಡಿದ ಕಂತು ಮತ್ತೆ ಬಂದರೆ, ಅಥವಾ ಏಳು ಕೆಲಸದ ದಿನ ಕಳೆದರೂ ಕಾರ್ಡ್ ಮುಚ್ಚದಿದ್ದರೆ, ಮೊದಲು ಬ್ಯಾಂಕಿಗೆ ಲಿಖಿತ ದೂರು ಕೊಡಿ. ಫೋನಿನ ಮಾತಿಗೆ ಸಾಕ್ಷಿ ಇರುವುದಿಲ್ಲ. 30 ದಿನ ಕಳೆದರೂ ಉತ್ತರ ಬಾರದಿದ್ದರೆ, ಬಂದ ಉತ್ತರ ಒಪ್ಪಿಗೆಯಾಗದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ಹೋಗಬಹುದು. 2021ರ ನವೆಂಬರ್ 12ರಿಂದ ಇಡೀ ದೇಶಕ್ಕೆ ಒಂದೇ ವ್ಯವಸ್ಥೆ ಇದೆ, ವಕೀಲರು ಬೇಕಿಲ್ಲ, ಖರ್ಚಿಲ್ಲ. ದೂರು ಕೊಡುವುದು ಹೇಗೆಂದು ತಿಳಿಯಲು 14448 ನಂಬರಿಗೆ ಕರೆ ಮಾಡಿದರೆ ಕನ್ನಡದಲ್ಲೂ ಮರಾಠಿಯಲ್ಲೂ ಮಾತಾಡಬಹುದು. ಮನೆಯಲ್ಲಿ ಒಂದು, ಓಣಿಯಲ್ಲಿ ಒಂದು ಭಾಷೆ ಆಡುವ ನಮ್ಮ ಊರಿಗೆ ಇದು ದೊಡ್ಡ ಅನುಕೂಲ. ಇಂಗ್ಲಿಷ್ ಬಾರದು ಎಂದು ಯಾರೂ ಸುಮ್ಮನೆ ನಷ್ಟ ಅನುಭವಿಸಬೇಕಾಗಿಲ್ಲ.

ಒಂದು ಎಚ್ಚರಿಕೆ. ಆಟೊಪೇ ರದ್ದು ಮಾಡಲೂ ಓಟಿಪಿ ಬೇಕಾಗುತ್ತದೆ. ಅದನ್ನು ನೀವೇ ಬ್ಯಾಂಕಿನ ಆ್ಯಪ್‌ನಲ್ಲಿ ಹಾಕಬೇಕು. “ನಿಮ್ಮ ಕಾರ್ಡ್ ಬಂದ್ ಮಾಡಿಕೊಡ್ತೀವಿ, ಓಟಿಪಿ ಹೇಳಿ” ಎಂದು ಫೋನ್ ಮಾಡುವವನು ಬ್ಯಾಂಕಿನವನಲ್ಲ. ಗೂಗಲ್‌ನಲ್ಲಿ ಹುಡುಕಿ ಸಿಕ್ಕ ಕಸ್ಟಮರ್ ಕೇರ್ ನಂಬರನ್ನೂ ನಂಬಬೇಡಿ, ಕಾರ್ಡಿನ ಹಿಂಬದಿ ಅಚ್ಚಾಗಿರುವ ನಂಬರಿಗೇ ಕರೆ ಮಾಡಿ. ಸ್ಕ್ರೀನ್ ತೋರಿಸುವ ಆ್ಯಪ್ ಹಾಕಿಕೊಳ್ಳಿ ಎಂದರೆ ಕೂಡಲೇ ಫೋನ್ ಇಟ್ಟುಬಿಡಿ. ಹಣ ಹೋಗಿಯೇ ಬಿಟ್ಟರೆ ನಾಚಿಕೆಪಟ್ಟು ಕೂರದೆ ತಕ್ಷಣ 1930ಕ್ಕೆ ತಿಳಿಸಿ. ಎಷ್ಟು ಬೇಗ ತಿಳಿಸುತ್ತೀರೋ ಹಣವನ್ನು ದಾರಿಯಲ್ಲೇ ತಡೆಯುವ ಸಾಧ್ಯತೆ ಅಷ್ಟು ಹೆಚ್ಚು.

ಕಾರ್ಡ್ ಇಟ್ಟುಕೊಳ್ಳಬೇಡಿ ಎಂದು ನಾನು ಹೇಳುತ್ತಿಲ್ಲ. ಲೆಕ್ಕ ಇಟ್ಟವರಿಗೆ ಅದು ಉಪಯೋಗದ ಸಾಧನ. ಇಟ್ಟುಕೊಂಡರೂ ಬಿಟ್ಟರೂ ಯಾರಿಗೆ ಏನು ಒಪ್ಪಿಗೆ ಕೊಟ್ಟಿದ್ದೇವೆ ಎಂಬುದು ನಮಗೆ ಗೊತ್ತಿರಬೇಕು, ಅಷ್ಟೇ. ದೀಪಾವಳಿಯ ಪಾಡ್ಯಕ್ಕೆ ನಮ್ಮ ಅಂಗಡಿಕಾರರು ಕೀರ್ದಿ ಖತಾವಣಿ ಪೂಜೆ ಮಾಡುತ್ತಾರಲ್ಲ, ಆ ದಿನ ನೀವೂ ಒಂದು ಪುಟ ಬರೆಯಿರಿ: ಯಾವ ಕಂತು, ಯಾವ ಕಾರ್ಡಿನಿಂದ, ಯಾವ ತಾರೀಕಿಗೆ, ಎಷ್ಟು. ಮನೆಯ ಇನ್ನೊಬ್ಬರಿಗೆ ಆ ಪುಟ ಎಲ್ಲಿದೆ ಎಂದು ತಿಳಿದಿರಲಿ. ನಿಮಗೆ ಏನಾದರೂ ಆದರೆ ಮನೆಯವರು ಕತ್ತಲಲ್ಲಿ ತಡಕಾಡಬಾರದು.

ನಿಮ್ಮಲ್ಲಿ ಓದು ಬಲ್ಲವರಿಗೆ ಒಂದು ಕೇಳಿಕೆ. ಪಾಳಿಯಲ್ಲಿ ನಿಮ್ಮ ಪಕ್ಕದ ಯಂತ್ರದಲ್ಲಿ ದುಡಿಯುವವರಿಗೆ, ಓಣಿಯ ಅಕ್ಕ ಕಾಕೂಗಳಿಗೆ ಇಂಗ್ಲಿಷ್ ಸ್ಟೇಟ್‌ಮೆಂಟ್ ಓದಲು ಬರುವುದಿಲ್ಲ. ಈ ವಾರದ ರಜೆಯಲ್ಲಿ ಅಂಥ ಒಬ್ಬರ ಜೊತೆ ಕೂತು ಅವರ ಸ್ಟೇಟ್‌ಮೆಂಟನ್ನು ಸಾಲುಸಾಲಾಗಿ ಓದಿ ಹೇಳಿ, ಬೇಡವಾದ ಒಪ್ಪಿಗೆಗಳನ್ನು ಅವರ ಕೈಯಿಂದಲೇ ರದ್ದು ಮಾಡಿಸಿ. ಓಟಿಪಿಯನ್ನು ಅವರೇ ಹಾಕಲಿ, ನೀವು ಕೇಳಬೇಡಿ. ಮುಂದಿನ ಸಲ ಅವರು ತಾವೇ ಮಾಡಿಕೊಳ್ಳುತ್ತಾರೆ, ಇನ್ನೊಬ್ಬರಿಗೂ ಕಲಿಸುತ್ತಾರೆ.

ಇಂತಿ ನಿಮ್ಮ ಹಿತ ಬಯಸುವ,
ಕಾಕತಿಯ ಒಬ್ಬ ನಿವೃತ್ತ ಬ್ಯಾಂಕ್ ನೌಕರ